ಲಿಫ್ಟಣ್ಣನ ಹೆಸರಿನ ಕಾಲು

ನನ್ನ ಜೆರಾಕ್ಸ್ ಅಂಗಡಿಗೆ ಅಂಟಿಕೊಂಡೇ ಒಂದು ಕಟಿಂಗ್ ಶಾಪ್ ಇತ್ತು. ಅದನ್ನು ನಡೆಸುತ್ತಿದ್ದವನು ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದಂಥ ಮನುಷ್ಯ. ಗಿರಾಕಿ ಕುರ್ಚಿಯಲ್ಲಿ ಕೂತರೆ "ಹೇಗೆ?" ಎಂದು ಒಂದು ಮಾತು. ಕೆಲಸ ಮುಗಿದ ಮೇಲೆ ತಲೆಯ ಹಿಂದೆ ಕನ್ನಡಿ ಹಿಡಿದು "ಸರೀನಾ?" ಎಂದು ಇನ್ನೊಂದು. ನಡುವೆ ಕತ್ತರಿಯ ಕಿಚಕಿಚ ಬಿಟ್ಟರೆ ಬೇರೆ ಸದ್ದಿಲ್ಲ. ಊರ ಸುದ್ದಿಯನ್ನೆಲ್ಲ ಕೇಳಬೇಕೆಂದು ಬಂದವರು ನಿರಾಸೆಯಿಂದ ಹೋಗುತ್ತಿದ್ದರು. ಬೀದಿಯವರು ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. "ಮದುವೆಗೆ ಮುಂಚೆ ಒಳ್ಳೆ ಗಂಭೀರ ಮನುಷ್ಯ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಹೇಳೋಕೆ ಏನೂ ಇರ್ಲಿಲ್ಲ ಅಷ್ಟೆ," ಎಂದು ಅವನ ಎದುರಿಗೇ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಅದಕ್ಕೂ ಸದ್ದಿರಲಿಲ್ಲ.

ಅವನು ಕಾಲು ಕಳೆದುಕೊಂಡದ್ದು ನನ್ನ ಕಣ್ಣೆದುರಿಗೇ. ಊಟಕ್ಕೆ ಹೋಗಲೆಂದು ಬಗ್ಗಿ ಶಟರಿಗೆ ಬೀಗ ಹಾಕುತ್ತಿದ್ದ. ಸಿಮೆಂಟ್ ಇಳಿಸಲು ಬಂದ ಲಾರಿಯೊಂದು ಹಿಂದಕ್ಕೆ ಸರಿಯುತ್ತಾ ಬಂತು. ನಾನು ಕೂಗಿದೆ. ಅವನು ತಿರುಗಿ ನೋಡುವಷ್ಟರಲ್ಲಿ ಎಡಗಾಲು ಚಕ್ರಕ್ಕೂ ಮೆಟ್ಟಿಲಿಗೂ ನಡುವೆ ಸಿಕ್ಕಿಕೊಂಡಿತ್ತು. ಆಸ್ಪತ್ರೆಯವರು ಮೊಣಕಾಲನ್ನಾದರೂ ಉಳಿಸಿಕೊಳ್ಳಲು ನೋಡಿದರು, ಆಗಲಿಲ್ಲ. ತೊಡೆಯ ಅರ್ಧಕ್ಕೇ ತೆಗೆಯಬೇಕಾಯಿತು. ಪ್ರಜ್ಞೆ ಬಂದಾಗ ಅವನು ಕೇಳಿದ ಮೊದಲ ಮಾತು, "ಶಟರ್ ಬೀಗ ಬಿತ್ತಾ?"

ಆಸ್ಪತ್ರೆ ಒಂದು ಕೃತಕ ಕಾಲನ್ನು ಪುಕ್ಕಟೆಯಾಗಿ ಕೊಟ್ಟಿತು. ಅದಕ್ಕೆ ಮೊಣಕಾಲೆಂಬುದು ಹೆಸರಿಗೆ ಮಾತ್ರ. ನಡೆಯುವಾಗ ಬಿಗಿದುಕೊಂಡು ನೆಟ್ಟಗೇ ಇರುತ್ತಿತ್ತು. ಕೂರುವಾಗ ಕೈಯಿಂದ ಕೊಂಡಿ ಬಿಚ್ಚಿ ಮಡಚಬೇಕಿತ್ತು. ಕ್ಷೌರಿಕನ ಕೆಲಸವೆಂದರೆ ದಿನವಿಡೀ ಕುರ್ಚಿಯ ಸುತ್ತ ಸುತ್ತುವ ಕೆಲಸ. ಒಂದು ಹೆಜ್ಜೆ ಬಲಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ, ಕಿವಿಯ ಬಳಿ ಬಂದಾಗ ಸ್ವಲ್ಪ ಬಗ್ಗು. ಮೌನಿ ಆ ಕಾಲನ್ನು ಕಂಪಾಸಿನಂತೆ ದೂರಕ್ಕೆ ಬೀಸಿ ಬೀಸಿ ಸುತ್ತುತ್ತಿದ್ದ. ಎರಡೂ ಕೈಗೆ ಕೆಲಸ, ಊರುಗೋಲು ಹಿಡಿಯುವಂತಿಲ್ಲ. ಸೊಂಟವನ್ನು ಕುರ್ಚಿಯ ತೋಳಿಗೆ ಆನಿಸಿ ನಿಲ್ಲುತ್ತಿದ್ದ. ಸಂಜೆಯ ಹೊತ್ತಿಗೆ ಅವನ ಮುಖ ಬಿಳಿಚಿಕೊಂಡಿರುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಮೂಲೆಯ ಹೊಸ ಅಂಗಡಿಗೆ ಹೋಗತೊಡಗಿದರು. ನೋವು ತಿನ್ನುವವನ ಕೈಗೆ ತಲೆ ಕೊಟ್ಟು ಸುಮ್ಮನೆ ಕೂರುವುದು ಅಷ್ಟು ಸುಲಭವಲ್ಲ.

ಬಿಡದೆ ಬರುತ್ತಿದ್ದ ಒಬ್ಬ ಗಿರಾಕಿ ಎಂದರೆ ಲಿಫ್ಟಣ್ಣ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದವರು. ಅವರ ಎಡಗಾಲೂ ಇರಲಿಲ್ಲ. ಕೆಳಗೆ ಕೆಲಸ ಮಾಡುತ್ತಿದ್ದಾಗ ಮೇಲಿನವನು ನೋಡದೆ ಲಿಫ್ಟ್ ಇಳಿಸಿಬಿಟ್ಟಿದ್ದ. ಆದರೆ ಅವರ ಕಂಪನಿ ದೊಡ್ಡದು. ತಪ್ಪು ತನ್ನದೆಂದು ಒಪ್ಪಿಕೊಂಡು ಅವರಿಗೆ ಭಾರೀ ಬೆಲೆಯ ಒಂದು ಕಾಲನ್ನು ಹಾಕಿಸಿಕೊಟ್ಟಿತ್ತು. ಅದರ ಮೊಣಕಾಲಿನ ಒಳಗೆ ಎಣ್ಣೆಯ ಕೊಳವೆ, ಪುಟ್ಟ ಮೋಟಾರು, ಬ್ಯಾಟರಿ. ಮನುಷ್ಯ ಮೆಟ್ಟಿಲು ಇಳಿಯುತ್ತಿದ್ದಾನೋ, ಎಡವಿದನೋ, ಕೂರುತ್ತಿದ್ದಾನೋ, ಅದಕ್ಕೇ ಗೊತ್ತಾಗುತ್ತಿತ್ತು. ಲಿಫ್ಟಣ್ಣ ನಮ್ಮ ಬೀದಿಯಲ್ಲಿ ಬರುತ್ತಿದ್ದರೆ ಹೊಸಬರಿಗೆ ಅವರಿಗೊಂದು ಕಾಲಿಲ್ಲ ಎಂಬುದೇ ತಿಳಿಯುತ್ತಿರಲಿಲ್ಲ.

ಅವರಿಗೆ ಆ ಕಾಲಿನ ಮೇಲೆ ಮಗುವಿನ ಮೇಲಿರುವಂಥ ಅಭಿಮಾನ. ಪ್ಯಾಂಟು ಮೇಲಕ್ಕೆತ್ತಿ, ಕಣಕಾಲಿನ ಕೊಳವೆಯ ಮೇಲಿದ್ದ ಕಪ್ಪು ಬೊಟ್ಟಿನಂಥ ಜಾಗಕ್ಕೆ ಫೋನ್ ತಾಗಿಸಿ ತೋರಿಸುತ್ತಿದ್ದರು. ಫೋನಿನಲ್ಲಿ ಅವರ ನಗುಮುಖದ ಫೋಟೋ, ಹೆಸರು, ಕಾಲು ತಯಾರಾದ ದಿನ ಎಲ್ಲವೂ ಮೂಡುತ್ತಿತ್ತು.

"ಒಳಗೆ ಚಿಪ್ ಇದೆ. ಈ ಕಾಲಿಗೊಂದು ಟೋಕನ್ ಇದೆ ಬ್ಲಾಕ್‌ಚೈನಲ್ಲಿ. ಅಂದ್ರೆ, ಈ ಕಾಲು ಇಂಥವರದು ಅಂತ ಎಷ್ಟೋ ಸಾವಿರ ಕಂಪ್ಯೂಟರಲ್ಲಿ ಒಟ್ಟಿಗೆ ಬರೆದಿಟ್ಟಿರ್ತಾರೆ. ಯಾರಪ್ಪ ಬಂದ್ರೂ ಅಳಿಸೋಕಾಗಲ್ಲ," ಎಂದರು ಒಂದು ದಿನ.

ಮೌನಿ ಅಪರೂಪಕ್ಕೆ ಬಾಯಿ ತೆರೆದ. "ಕಳ್ಳ ಕದ್ದ್ರೆ?"

"ಕದ್ದು ಏನು ಮಾಡ್ತಾನೆ? ಟೋಕನ್ ನನ್ನ ಹತ್ರ ಇರುತ್ತೆ. ಯಾವ ಸರ್ವಿಸ್ ಸೆಂಟರಿನವನೂ ಅವನಿಗೆ ರಿಪೇರಿ ಮಾಡಿ ಕೊಡಲ್ಲ."

"ಅದು ಸರಿ. ಆದ್ರೆ ನೀವು ಅವನನ್ನ ಅಟ್ಟಿಸಿಕೊಂಡು ಹೋಗೋದು ಹೇಗೆ?"

ಲಿಫ್ಟಣ್ಣ ಮುಖದ ಮೇಲಿನ ಸೋಪಿನ ನೊರೆ ಹಾರುವಂತೆ ನಕ್ಕರು. ಆ ದಿನದಿಂದ ಇಬ್ಬರಿಗೂ ಗೆಳೆತನ ಗಟ್ಟಿಯಾಯಿತು.

ಮುಂದೆ ಲಿಫ್ಟಣ್ಣನ ಮೂತ್ರಪಿಂಡ ಕೈಕೊಟ್ಟಿತು. ಅಂಗಡಿಗೆ ಬರಲಾಗದಾಗ ಮೌನಿಯೇ ಅವರ ಮನೆಗೆ ಹೋಗಿ ಗಡ್ಡ ತೆಗೆದು ಬರುತ್ತಿದ್ದ. ಎರಡನೆಯ ಮಹಡಿಯ ಮನೆ. ಆ ಮೆಟ್ಟಿಲುಗಳನ್ನು ಬಿಗಿದ ಕಾಲಿನಲ್ಲಿ ಹತ್ತುವಷ್ಟರಲ್ಲಿ ಅವನ ಅಂಗಿ ಒದ್ದೆಯಾಗಿರುತ್ತಿತ್ತು. ಲಿಫ್ಟಣ್ಣನ ಹೆಂಡತಿಯನ್ನು ಅವನು ಅತ್ತಿಗೆ ಎನ್ನುತ್ತಿದ್ದ. ಮಕ್ಕಳಿಲ್ಲದ ಮನೆ. ಹಾಸಿಗೆಯ ಪಕ್ಕದ ಗೋಡೆಗೆ ಆ ಕಾಲು ಒರಗಿ ನಿಂತಿರುತ್ತಿತ್ತು, ಬೂಟು ಹಾಕಿಕೊಂಡೇ.

ಒಂದು ಬೆಳಿಗ್ಗೆ ಲಿಫ್ಟಣ್ಣ ಹೇಳಿದರು: "ನಾನಿನ್ನು ಎದ್ದು ಓಡಾಡೋದು ಸುಳ್ಳು. ಇದು ನಿನಗಿರಲಿ."

ಮೌನಿ ಬೇಡವೆಂದು ತಲೆ ಅಲ್ಲಾಡಿಸಿದ.

"ಸುಮ್ನಿರು. ನಿಂದೂ ಎಡಗಾಲೇ. ಎತ್ತರವೂ ಒಂದೇ. ತೊಡೆ ಒಳಗೆ ಕೂರೋ ಬಟ್ಟಲು ಒಂದು ಹೊಸದು ಮಾಡಿಸಿಕೋ, ಅಷ್ಟೆ. ಟೋಕನ್ನೂ ನಿನ್ನ ಹೆಸರಿಗೆ ಮಾಡಿಬಿಡ್ತೀನಿ. ನಿಮ್ಮ ಪಕ್ಕದಂಗಡಿಯವರನ್ನ ಕರ್ಕೊಂಡು ಬಾ, ಫೋನು ನಿನಗೆ ಅರ್ಥ ಆಗಲ್ಲ."

ಹಾಗೆ ನಾನು ಈ ಕತೆಯೊಳಗೆ ಬಂದೆ. ಮೌನಿಯ ಫೋನಿನಲ್ಲಿ ಬೇಕಾದ್ದನ್ನೆಲ್ಲ ಹಾಕಿಕೊಂಡು ಅವನ ಜೊತೆ ಹೋದೆ. ಲಿಫ್ಟಣ್ಣ ತಮ್ಮ ಫೋನನ್ನು ಮುಖದ ಎದುರು ಹಿಡಿದರು. ಮುಖ ನೋಡಿ ತೆರೆದುಕೊಳ್ಳಬೇಕಾದ ಆ ಖಾತೆ ತೆರೆದುಕೊಳ್ಳಲಿಲ್ಲ. ಕಾಯಿಲೆಯಿಂದ ಅವರ ಮುಖ ಊದಿ ಕಣ್ಣು ಒಳಗೆ ಹೋಗಿದ್ದವು. ಗಡ್ಡ ಬೇರೆ ಬಂದಿತ್ತು.

"ಗಡ್ಡದಿಂದ ಇರಬೇಕು," ಎಂದರು ಅತ್ತಿಗೆ.

ಮೌನಿ ಬಿಸಿನೀರು ತರಿಸಿಕೊಂಡು ಕೂತ. ಅಷ್ಟು ನಿಧಾನವಾಗಿ, ಅಷ್ಟು ನುಣ್ಣಗೆ ಅವನು ಯಾರ ಗಡ್ಡವನ್ನೂ ತೆಗೆದದ್ದನ್ನು ನಾನು ಕಂಡಿಲ್ಲ. ಮೀಸೆಯನ್ನು ಹಳೆಯ ಫೋಟೋದಲ್ಲಿದ್ದ ಹಾಗೇ ತಿದ್ದಿದ. ತಲೆ ಬಾಚಿದ. ಅತ್ತಿಗೆ ದಿಂಬು ಏರಿಸಿ ಕೂರಿಸಿದರು, ಕಿಟಕಿ ತೆರೆದು ಬೆಳಕು ಬಿಟ್ಟರು. ಲಿಫ್ಟಣ್ಣ ಫೋಟೋದಲ್ಲಿದ್ದಂತೆ ನಗಲು ನೋಡಿದರು. ಫೋನಿಗೆ ಅವರ ಗುರುತು ಸಿಗಲಿಲ್ಲ.

ಮುಖವಲ್ಲದಿದ್ದರೆ ಗುಟ್ಟಿನ ಪದಗಳನ್ನು ಕೊಡಿ ಎಂದು ಫೋನು ಕೇಳಿತು. ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷ್ ಪದಗಳು. ಅದೇ ಅನುಕ್ರಮದಲ್ಲಿ ಹೇಳಬೇಕು. ಕಾಲು ಹಾಕಿದ ದಿನ ಕಂಪನಿಯವನು ಆ ಪದಗಳನ್ನು ತೋರಿಸಿ, ಎಲ್ಲಾದರೂ ಬರೆದಿಟ್ಟುಕೊಳ್ಳಿ ಎಂದಿದ್ದನಂತೆ.

"ಬರೆದಿಟ್ರೆ ಯಾರಾದ್ರೂ ನೋಡ್ತಾರೆ ಅಂತ ತಲೆಯಲ್ಲೇ ಇಟ್ಕೊಂಡೆ. ಕಂಠಪಾಠ ಮಾಡಿದ್ದೆ. ದಿನಾ ಹೇಳಿಕೊಳ್ತಿದ್ದೆ," ಎಂದರು ಲಿಫ್ಟಣ್ಣ. ಕಣ್ಣು ಮುಚ್ಚಿ ಶುರು ಮಾಡಿದರು. "ಪೆಪ್ಪರ್... ವಿಂಟರ್..." ಅಲ್ಲಿಗೆ ನಿಂತರು. ತುಟಿ ಅಲ್ಲಾಡಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಹಣೆಯ ಮೇಲೆ ಬೆವರು ಮೂಡಿತು. "ನಾಳೆ ಹೊಳೆಯುತ್ತೆ ಬಿಡು. ಈ ಮಾತ್ರೆಗಳಿಂದ ತಲೆ ಮಂಕಾಗಿದೆ."

ನಾಳೆ ಹೊಳೆಯಲಿಲ್ಲ. ಕೊನೆಯ ದಿನಗಳಲ್ಲಿ ಅವರು ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದರು. ಬಕೆಟ್ ಎನ್ನುತ್ತಿದ್ದರು, ಲ್ಯಾಡರ್ ಎನ್ನುತ್ತಿದ್ದರು, ಟೈಗರ್ ಎನ್ನುತ್ತಿದ್ದರು. ಲಿಫ್ಟ್ ಕೆಲಸದವರ ಬಾಯಲ್ಲಿ ಬಕೆಟ್ಟು, ಲ್ಯಾಡರು ಬರದಿದ್ದರೇ ಆಶ್ಚರ್ಯ. ಯಾವುದು ಗುಟ್ಟಿನ ಪದ, ಯಾವುದು ಬರಿಯ ಜ್ವರ ಎಂದು ಹೇಳುವವರು ಯಾರು? ಅತ್ತಿಗೆ ಅವರ ಬಾಯಿಗೆ ಕಿವಿ ಹಚ್ಚಿ ಕೂತಿರುತ್ತಿದ್ದರು. ಮುಂದೆ ಒಮ್ಮೆ ನನ್ನ ಹತ್ತಿರ ಹೇಳಿದರು: "ನಲವತ್ತು ವರ್ಷ ಬಾಳಿದ ಗಂಡ. ಸಾಯೋ ಹೊತ್ತಲ್ಲಿ ನನ್ನ ಹೆಸರು ಹೇಳಿದ್ರೋ ಏನೋ. ನಾನು ಆ ಹಾಳು ಪದಗಳಿಗೆ ಕಾಯ್ತಾ ಇದ್ದೆ, ಬೇರೇನೂ ಕಿವಿಗೆ ಬೀಳಲಿಲ್ಲ."

ಲಿಫ್ಟಣ್ಣ ಹೋದರು. ಎಲ್ಲ ಮುಗಿದ ಮೇಲೆ ಅತ್ತಿಗೆ ಕಾಲನ್ನು ಒಂದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದರು.

"ತಗೋ. ಅವರ ಮಾತು ನಡೀಲಿ. ಫೋನಿಗೇನು ಗೊತ್ತು ಯಾರು ಯಾರಿಗೆ ಏನು ಕೊಟ್ರು ಅಂತ."

ಊರಾಚೆ ಕೃತಕ ಕಾಲು ಮಾಡುವ ಒಬ್ಬ ಮುದುಕನಿದ್ದ. ಅವನು ಮೌನಿಯ ತೊಡೆಗೆ ಹೊಸ ಬಟ್ಟಲು ಎರಕ ಹೊಯ್ದು ಈ ಕಾಲಿಗೆ ಜೋಡಿಸಿದ. ಮೊದಲ ದಿನ ಮೌನಿ ಎರಡು ಕಂಬಿಗಳ ನಡುವೆ ನಿಂತು ಹೆಜ್ಜೆ ಇಟ್ಟ. ಮೊಣಕಾಲು ಮಡಚಿತು, ಅವನು ಕಂಬಿಯನ್ನು ಗಟ್ಟಿಯಾಗಿ ಹಿಡಿದ. ಕಾಲು ತಾನಾಗಿ ಮುಂದೆ ಬಂದು ನೆಲ ಮುಟ್ಟಿತು. ಅವನು ಮುಖ ತಿರುಗಿಸಿ ಗೋಡೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತ. ಹೆಂಡತಿ ನನ್ನ ಕಿವಿಯಲ್ಲಿ, "ಅಳ್ತಾ ಇದ್ದಾರೆ, ನೋಡಬೇಡಿ," ಎಂದಳು.

ಆಸ್ಪತ್ರೆಯ ಹಳೆಯ ಕಾಲನ್ನು ಅವನು ವಾಪಸು ಕೊಟ್ಟುಬಿಟ್ಟ. ಅಲ್ಲಿ ಸಾಲಿನಲ್ಲಿ ಕಾಯುವವರು ಎಷ್ಟೋ ಜನ, ನನಗ್ಯಾಕೆ ಎರಡು ಎಂದ.

ನಂತರದ ಒಂದು ವರ್ಷ ಅವನ ಬದುಕಿನ ಒಳ್ಳೆಯ ಕಾಲ. ಹೆಂಡತಿ "ಕಾಲ ಬಂತು, ಕಾಲೂ ಬಂತು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಬಿಟ್ಟುಹೋದ ಗಿರಾಕಿಗಳು ನಾಚಿಕೊಳ್ಳುತ್ತಾ ಮರಳಿದರು. ಕುರ್ಚಿಯ ಸುತ್ತ ಅವನು ಮೊದಲಿನಂತೆಯೇ ಸುತ್ತುತ್ತಿದ್ದ. ಅದಕ್ಕಿಂತ ದೊಡ್ಡ ವಿಚಿತ್ರವೆಂದರೆ ಅವನು ಮಾತಾಡಲು ಶುರು ಮಾಡಿದ್ದು. ಮಾತೆಂದರೆ ಮಹಾ ಮಾತೇನಲ್ಲ. ಬಿಸಿಲು ಹೆಚ್ಚಾಯಿತು, ನಿಮ್ಮ ಮಗಳ ಪರೀಕ್ಷೆ ಏನಾಯಿತು, ಇಂಥವು. ಒಂದು ಸಂಜೆ ಅವನೂ ಅವನ ಮಗಳೂ ಬಸ್ಸು ಹಿಡಿಯಲು ಓಡಿದ್ದನ್ನು ನಾನು ಕಂಡೆ. ಬಸ್ಸು ಸಿಗಲಿಲ್ಲ. ಇಬ್ಬರೂ ನಗುತ್ತಾ ನಿಂತಿದ್ದರು.

ಆಮೇಲೆ ಕಾಲು ಯೋಚಿಸತೊಡಗಿತು. ಹಾಗೆಂದವನು ಮೌನಿಯೇ. ಕೂತು ಏಳುವಾಗ, ಮೆಟ್ಟಿಲು ಇಳಿಯುವಾಗ ಅದು ಒಂದು ಕ್ಷಣ ತಡೆದು ಆಮೇಲೆ ಕೆಲಸ ಮಾಡುತ್ತಿತ್ತು. ಕ್ರಮೇಣ ತಡೆಯುವ ಬದಲು ಜಾರತೊಡಗಿತು. ಭಾರ ಹಾಕಿದಾಗ ಹಿಡಿದು ನಿಲ್ಲಬೇಕಾದ ಮೊಣಕಾಲು ಫಕ್ಕನೆ ಮಡಚಿಕೊಂಡುಬಿಡುತ್ತಿತ್ತು. ಕಾಲು ಮಾಡುವ ಮುದುಕ ತಿರುಗಿಸಿ ನೋಡಿ, "ಒಳಗಿನ ಎಣ್ಣೆ ಸೀಲು ಹೋಗಿದೆ. ಇದು ನನ್ನ ಕೈಯಲ್ಲಾಗೋದಲ್ಲ. ಇದನ್ನ ಬಿಚ್ಚೋಕೆ ಕಂಪನಿ ಕಂಪ್ಯೂಟರೇ ಅಪ್ಪಣೆ ಕೊಡಬೇಕು," ಎಂದ.

ಮೌನಿಯೂ ನಾನೂ ಸರ್ವಿಸ್ ಸೆಂಟರಿಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಗೋಡೆಯ ಮೇಲೆ ಬೆಟ್ಟ ಹತ್ತುತ್ತಿರುವ ಒಬ್ಬಳ ದೊಡ್ಡ ಚಿತ್ರ. ಅಲ್ಲಿನ ಟೆಕ್ನಿಷಿಯನ್ ಒಬ್ಬ ಹೆಣ್ಣುಮಗಳು, ನಮ್ಮ ಕಡೆ ನೋಡಿ ನಗುತ್ತಲೇ ಸ್ಟೂಲ್ ಎಳೆದುಕೊಂಡು ಕೂತಳು. ಚಿಪ್ಪಿಗೆ ತನ್ನ ಯಂತ್ರ ತಾಗಿಸಿದಳು. ಪರದೆಯ ಮೇಲೆ ಲಿಫ್ಟಣ್ಣ ಮೂಡಿದರು, ಅದೇ ನಗು. ಸುತ್ತ ಕೆಂಪು ಚೌಕ.

ಅವಳ ನಗು ನಿಂತಿತು. "ಇವರು ಯಾರು?"

"ನಮ್ಮ ಲಿಫ್ಟಣ್ಣ," ಎಂದ ಮೌನಿ.

"ಈ ಮೊಣಕಾಲು ಅವರ ಹೆಸರಲ್ಲಿದೆ. ಅವರು ಅವರ ಫೋನಿಂದ ನಿಮಗೆ ವರ್ಗಾಯಿಸಬೇಕು. ಎರಡು ನಿಮಿಷದ ಕೆಲಸ. ಅವರನ್ನ ಕರ್ಕೊಂಡು ಬನ್ನಿ."

"ಅವರು ತೀರಿಕೊಂಡ್ರು."

ಅವಳು ನನ್ನ ಮುಖ ನೋಡಿದಳು. ನಾನು ಕತೆಯನ್ನೆಲ್ಲ ಹೇಳಿದೆ. ಮರಣ ಪ್ರಮಾಣಪತ್ರ ಕೊಡಿಸುತ್ತೇವೆ, ಹೆಂಡತಿಯನ್ನೇ ಕರೆತಂದು ಹೇಳಿಸುತ್ತೇವೆ, ಬೇಕಾದರೆ ಕೋರ್ಟಿನಿಂದ ಆದೇಶ ತರುತ್ತೇವೆ ಎಂದೆ. ಅವಳು ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು. ಮ್ಯಾನೇಜರ್ ಕೆಟ್ಟವನಲ್ಲ. ನಮಗೆ ನೀರು ತರಿಸಿದ.

"ಕೋರ್ಟಿಂದ ಆದೇಶ ತಂದ್ರೂ ನಮ್ಮ ಕೈಯಲ್ಲಿ ಏನೂ ಇಲ್ಲ ಸಾರ್. ನಾವು ಬದಲಾಯಿಸೋಕೆ ಬರುವ ಹಾಗಿದ್ರೆ ಇನ್ನೊಬ್ಬನೂ ಬದಲಾಯಿಸ್ತಾನೆ. ಯಾರಿಗೂ ಬರಬಾರದು ಅಂತಲೇ ಇದನ್ನ ಹೀಗೆ ಮಾಡಿರೋದು. ಮುಂಚೆ ಕದ್ದ ಮಾಲು, ನಕಲಿ ಮಾಲು ಸಿಕ್ಕಾಪಟ್ಟೆ ಬರ್ತಿತ್ತು. ನಕಲಿ ಮೊಣಕಾಲು ಹಾಕ್ಕೊಂಡು ಒಬ್ಬ ಹೆಂಗಸು ಮೆಟ್ಟಿಲಿಂದ ಬಿದ್ದು ಸತ್ತೇ ಹೋದಳು. ಆಮೇಲೆ ಈ ಚಿಪ್ಪು ಬಂತು."

"ನಮ್ಮದು ಕದ್ದದ್ದಲ್ಲ," ಎಂದ ಮೌನಿ.

"ನಾನು ನಂಬ್ತೀನಿ. ನಾನು ನಂಬಿದ್ರೆ ಯಂತ್ರ ತೆರೆಯಲ್ಲವಲ್ಲ."

ನಿಯಮದ ಪ್ರಕಾರ ಹೆಸರು ಹೊಂದದ ಕಾಲನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಬೇಕಿತ್ತಂತೆ. ಮೌನಿ ಅದನ್ನು ಕೇಳಿ ಪ್ಯಾಂಟನ್ನು ಕೆಳಗೆ ಎಳೆದುಕೊಂಡ. ಒಂದು ಕಾಲಿನ ಮನುಷ್ಯನ ಕಾಲನ್ನು ಕಿತ್ತುಕೊಂಡು ಬೀದಿಗೆ ಬಿಡುವ ಎದೆ ಅವರಿಗೂ ಇರಲಿಲ್ಲ. ಮ್ಯಾನೇಜರ್ ಕಿಟಕಿಯ ಕಡೆ ತಿರುಗಿ ನಿಂತ. ಬಾಗಿಲವರೆಗೆ ಬಂದ ಟೆಕ್ನಿಷಿಯನ್ ಮೆಲ್ಲಗೆ ಹೇಳಿದಳು: "ಅಣ್ಣಾ, ಇದನ್ನ ಹಾಕಿಕೊಂಡು ನಿಂತು ಕೆಲಸ ಮಾಡಬೇಡಿ. ಯಾವಾಗ ಕೈ ಬಿಡುತ್ತೆ ಹೇಳೋಕಾಗಲ್ಲ."

ಅದೇ ವಾರ ಅತ್ತಿಗೆಯ ಮನೆಯಲ್ಲಿ ಕೂತು ಲಿಫ್ಟಣ್ಣನ ಫೋನಿಗೆ ಪದಗಳನ್ನು ಕೊಟ್ಟು ನೋಡಿದೆವು. ಪೆಪ್ಪರ್, ವಿಂಟರ್, ಬಕೆಟ್, ಲ್ಯಾಡರ್, ಟೈಗರ್. ಉಳಿದವನ್ನು ಎಲ್ಲಿಂದ ತರುವುದು? ಅತ್ತಿಗೆ ಅವರ ಬಾಯಲ್ಲಿ ಎಂದಾದರೂ ಬಂದಿದ್ದ ಪದಗಳನ್ನೆಲ್ಲ ನೆನಪಿಸಿಕೊಂಡು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಪ್ರತಿ ಸಲವೂ ತಪ್ಪು ಎಂದು ಬಂತು. ನೆನಪಿಸಿಕೊಳ್ಳುತ್ತಾ ನೆನಪಿಸಿಕೊಳ್ಳುತ್ತಾ ಅತ್ತಿಗೆ ಗಂಡನ ಮಾತುಗಳನ್ನೇ ಹೇಳತೊಡಗಿದರು, ಅವರು ಹೇಗೆ ಕರೆಯುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು. ಆಗ ಮೌನಿ ನನ್ನ ಕೈಯಿಂದ ಫೋನು ತೆಗೆದು ಮೇಜಿನ ಮೇಲೆ ಮಗುಚಿಟ್ಟ. "ಸಾಕು ಅತ್ತಿಗೆ. ಬಿಟ್ಟುಬಿಡಿ," ಎಂದ.

ಆಸ್ಪತ್ರೆಯಲ್ಲಿ ಮತ್ತೆ ಕಾಲಿಗೆ ಹೆಸರು ಬರೆಸಿದ. ಸಾಲು ಉದ್ದವಿತ್ತು, ಒಮ್ಮೆ ಪಡೆದವರ ಸರದಿ ಕೊನೆಗೆ. ಅಲ್ಲಿಯವರೆಗೆ ಅಂಗಡಿ ಮುಚ್ಚು ಎಂದು ಹೆಂಡತಿ ಗೋಗರೆದಳು. ಅವಳು ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು, ಹೇಗೋ ನಡೆದುಹೋಗುತ್ತಿತ್ತು. ನಾನೂ ಹೇಳಿದೆ. ಅವನು ಕೇಳಲಿಲ್ಲ.

"ಅಣ್ಣಾ, ಮುಚ್ಚಿದ್ರೆ ಮತ್ತೆ ತೆಗೆಯೋದಿಲ್ಲ ನಾನು. ನನ್ನ ಬುದ್ಧಿ ನನಗೆ ಗೊತ್ತು," ಎಂದ.

ಗೋಡೆಯಿಂದ ಕುರ್ಚಿಯವರೆಗೆ ಒಂದು ಕಬ್ಬಿಣದ ಕಂಬಿ ಹಾಕಿಸಿದ. ಬೇಕಾದಾಗ ಅದನ್ನು ಹಿಡಿದು ನಿಲ್ಲುತ್ತಿದ್ದ. ಕತ್ತರಿಯ ಕೆಲಸಕ್ಕೆ ಅದು ಸಾಕಾಗುತ್ತಿತ್ತು. ಗಡ್ಡದ ಕೆಲಸ ಬೇಡ ಎಂದು ನಾನು ಮತ್ತೆ ಮತ್ತೆ ಹೇಳಿದ್ದೆ. ಬರುವವರಿಗೆ ಹೇಗೆ ಇಲ್ಲ ಎನ್ನುವುದು ಎಂದು ಅವನು ಕೇಳುತ್ತಿದ್ದ. ಮಾತು ಮತ್ತೆ ಕಡಿಮೆಯಾಗಿತ್ತು.

ಆ ಬೆಳಿಗ್ಗೆ ಕುರ್ಚಿಯಲ್ಲಿದ್ದವನು ಶಾಲೆಯ ವ್ಯಾನ್ ಓಡಿಸುವವನು. ಮಕ್ಕಳನ್ನು ಬಿಟ್ಟು ಬಂದು ಗಡ್ಡ ತೆಗೆಸಿಕೊಳ್ಳುತ್ತಾ ಅರ್ಧ ನಿದ್ದೆಯಲ್ಲಿದ್ದ. ತಲೆ ಹಿಂದಕ್ಕೆ ವಾಲಿತ್ತು. ಮೌನಿ ಅವನ ಗಂಟಲ ಬಳಿ ಕತ್ತಿ ಆಡಿಸುತ್ತಿದ್ದ. ನಾನು ನನ್ನ ಅಂಗಡಿಯಲ್ಲಿ ಕಾಗದ ತುಂಬಿಸುತ್ತಿದ್ದೆ. ಏನೋ ಕಳಚಿದಂಥ ಸದ್ದು, ಅದರ ಹಿಂದೆಯೇ ಯಾರೋ ಬಿದ್ದ ಸದ್ದು.

ಓಡಿಹೋದಾಗ ವ್ಯಾನ್ ಚಾಲಕ ಗೋಡೆಗೆ ಅಂಟಿಕೊಂಡು ನಿಂತಿದ್ದ, ಮುಖದ ತುಂಬ ನೊರೆ, ಎರಡೂ ಕೈ ಕೊರಳ ಮೇಲೆ. ಅವನಿಗೆ ಒಂದು ಗೀರು ಕೂಡ ಆಗಿರಲಿಲ್ಲ. ಮೌನಿ ನೆಲದ ಮೇಲಿದ್ದ. ಮೊಣಕಾಲು ಮಡಚಿದಾಗ ಅವನಿಗೆ ಎರಡೇ ದಾರಿಗಳಿದ್ದವು. ಕಂಬಿ ಹಿಡಿದು ತನ್ನನ್ನು ಉಳಿಸಿಕೊಳ್ಳಲು ಎಡಗೈ ಚಾಚಿದ್ದರೆ ಬಲಗೈಯ ಕತ್ತಿ ಎಲ್ಲಿ ಹೋಗುತ್ತಿತ್ತೋ. ಅವನು ಕಂಬಿಯನ್ನು ಹಿಡಿಯಲಿಲ್ಲ. ಕತ್ತಿಯ ಅಲುಗನ್ನೇ ಅದೇ ಬಲ ಅಂಗೈಯೊಳಗೆ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡು ಬಿದ್ದಿದ್ದ. ಮುಷ್ಟಿಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು.

"ಅವರಿಗೆ ತಾಗ್ತಾ?" ಎಂದು ಕೇಳಿದ.

"ಇಲ್ಲ."

"ಸರಿಯಾಗಿ ನೋಡಿ ಅಣ್ಣಾ."

ವ್ಯಾನಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚಾಲಕ ಮುಖದ ನೊರೆಯನ್ನು ಒರೆಸಿಕೊಳ್ಳುವುದನ್ನೂ ಮರೆತು ಗಾಡಿ ಓಡಿಸಿದ. ಡಾಕ್ಟರು ಬಹಳ ಹೊತ್ತು ಒಳಗಿದ್ದು ಹೊರಗೆ ಬಂದು, ಬೆರಳುಗಳನ್ನು ಮಡಚುವ ನರಗಳು ಕತ್ತರಿಸಿಹೋಗಿವೆ, ಹೊಲಿದಿದ್ದೇವೆ, ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಎಷ್ಟರಮಟ್ಟಿಗೆ ಮರಳುತ್ತವೆಯೋ ಹೇಳಲಾಗದು ಎಂದರು. ಕ್ಷೌರಿಕನಿಗೆ ಬೇಕಾದ್ದು ಅವೇ ಮೂರು ಬೆರಳುಗಳು.

ಅತ್ತಿಗೆ ಆಸ್ಪತ್ರೆಗೆ ಬಂದವರು ಒಳಗೆ ಬರದೆ ಹೊರಗಿನ ಬೆಂಚಿನ ಮೇಲೇ ಕೂತಿದ್ದರು. ಮೌನಿಯ ಹೆಂಡತಿ ಹೋಗಿ ಕರೆದಳು.

"ನಾನು ಕೊಡದೇ ಇದ್ದಿದ್ರೆ..." ಎಂದರು ಅತ್ತಿಗೆ.

"ಕೊಡದೇ ಇದ್ದಿದ್ರೆ ಒಂದು ವರ್ಷ ನಾನು ಆ ಮನುಷ್ಯನ ಮಾತು ಕೇಳ್ತಾನೇ ಇರ್ಲಿಲ್ಲ. ಬನ್ನಿ ಒಳಗೆ. ನೀವು ಇಲ್ಲಿ ಕೂತ್ರೆ ಅವರು ಎದ್ದು ಬರ್ತೀನಿ ಅಂತಾರೆ, ಏಳೋಕೆ ಕಾಲೆಲ್ಲಿದೆ?"

ಸರ್ವಿಸ್ ಸೆಂಟರಿನ ಟೆಕ್ನಿಷಿಯನ್ನಿಗೂ ಹೇಗೋ ಸುದ್ದಿ ತಲುಪಿತ್ತು. ಒಂದು ಮಧ್ಯಾಹ್ನ ಬಂದು ಮಂಚದ ಪಕ್ಕ ನಿಂತಳು. ಏನಾದರೂ ಮಾಡಲು ಸಾಧ್ಯವೇ ಎಂದು ಮೇಲಿನವರಿಗೆ ಮತ್ತೆ ಬರೆದಿದ್ದಳಂತೆ. ಹಕ್ಕಿಲ್ಲದವರು ಬಳಸಿದ ಭಾಗಕ್ಕೆ ಕಂಪನಿ ಹೊಣೆಯಲ್ಲ ಎಂದು ಉತ್ತರ ಬಂದಿತ್ತು. ಇನ್ನೂ ಒಂದು ಮಾತು ಹೇಳಿದಳು: ಹೊಸದಾಗಿ ಬರುವ ಕಾಲುಗಳಲ್ಲಿ ಸತ್ತ ಮೇಲೆ ಯಾರಿಗೆ ಹೋಗಬೇಕೆಂದು ಮುಂಚೆಯೇ ಬರೆದಿಡಲು ಬರುತ್ತದೆ. ಹಳೆಯದಕ್ಕೆ ಬರುವುದಿಲ್ಲ.

ಮೌನಿ ತಲೆಯಾಡಿಸಿದ. ಅವನ ಹೆಂಡತಿ ಮಾತ್ರ ಕೇಳಿಯೇ ಬಿಟ್ಟಳು. "ನೀವೇ ಮಾಡಿದ್ದಲ್ವಾ ಈ ಮೊಣಕಾಲು? ನೀವು ಮಾಡಿದ್ದಕ್ಕೆ ನೀವೇ ಕೈ ಹಾಕೋ ಹಾಗಿಲ್ಲ ಅಂದ್ರೆ ಇನ್ಯಾರು ಹಾಕಬೇಕು?"

ಆ ಹೆಣ್ಣುಮಗಳು ತಾನು ತಂದಿದ್ದ ಕಿತ್ತಳೆ ಹಣ್ಣುಗಳ ಚೀಲವನ್ನು ಕಿಟಕಿಯ ಮೇಲಿಟ್ಟು ಹೋದಳು.

ಕೈ ವಾಸಿಯಾಯಿತು, ಆದರೆ ಬೆರಳು ಮರಳಲಿಲ್ಲ. ಮೌನಿ ದಿನವಿಡೀ ಒಂದು ರಬ್ಬರ್ ಚೆಂಡು ಹಿಡಿದು ಹಿಸುಕಲು ನೋಡುತ್ತಿದ್ದ. ಚೆಂಡು ಕೈಯಿಂದ ಜಾರಿ ಉರುಳಿ ಹೋಗುತ್ತಿತ್ತು; ಮಗಳು ಎತ್ತಿ ಕೊಡುತ್ತಿದ್ದಳು. ಒಮ್ಮೆ ನಾನಿದ್ದಾಗ ಮಗಳ ಮುಂಗೂದಲನ್ನು ಎಡಗೈಯಿಂದ ಕತ್ತರಿಸಲು ಹೋದ. ಸೊಟ್ಟಗಾಯಿತು. ಅವಳು ಕನ್ನಡಿ ನೋಡಿ, ಈಗ ಇದೇ ಫ್ಯಾಶನ್ನು ಅಪ್ಪ ಎಂದಳು. ಅವನು ಕತ್ತರಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಮತ್ತೆ ಅದನ್ನು ತೆರೆದದ್ದು ನಾನು ನೋಡಿಲ್ಲ.

ಅಂಗಡಿಯನ್ನು ಬಿಟ್ಟುಕೊಟ್ಟರು. ಅಲ್ಲೀಗ ಮೊಬೈಲ್ ಕವರು ಮಾರುತ್ತಾರೆ. ಕುರ್ಚಿಯನ್ನು ಮೂಲೆಯಂಗಡಿಯವನು ಕೊಂಡ. ಆ ಕಾಲು ಮಾತ್ರ ಮೌನಿಯ ಮನೆಯಲ್ಲಿ ಮಂಚದ ಕೆಳಗೆ ಉಳಿಯಿತು. ಹೆಂಡತಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ. ಗುಜರಿಯವನನ್ನು ಕರೆಸಿದಳು. ಅವನು ಎತ್ತಿ ನೋಡಿ, ಭಾರ ಇದೆ ಎಂದು ಖುಷಿಪಟ್ಟು, ತನ್ನ ಫೋನು ತೆಗೆದು ಚಿಪ್ಪಿಗೆ ತಾಗಿಸಿದ. ಮುಖ ಸಣ್ಣದು ಮಾಡಿಕೊಂಡು ಕೆಳಗಿಟ್ಟ.

"ಬೇಡಮ್ಮ. ಕೆಂಪು ತೋರಿಸ್ತಾ ಇದೆ. ಯಾರದೋ ಮಾಲು. ಆಮೇಲೆ ನನ್ನ ತಲೆಗೆ ಬರುತ್ತೆ."

"ಸತ್ತವರದ್ದಪ್ಪ ಅದು. ಅವರೇನು ಕೇಳೋಕೆ ಬರ್ತಾರಾ?"

"ಇದರಲ್ಲಿ ಸತ್ತಿಲ್ಲವಲ್ಲ," ಎಂದು ಅವನು ಫೋನು ತೋರಿಸಿದ. ಲಿಫ್ಟಣ್ಣ ನಗುತ್ತಿದ್ದರು.

ಅದನ್ನು ಕೊನೆಗೆ ಅತ್ತಿಗೆ ಬಂದು ತೆಗೆದುಕೊಂಡು ಹೋದರು. ಏನು ಮಾಡಿದರೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಅವರ ಮೇಲೆ ಸಿಟ್ಟಿದೆಯೇನಪ್ಪ?" ಎಂದು ಕೇಳಿದರು.

ಮೌನಿ ಹೇಳಿದ: "ಸಿಟ್ಟು ಇದೆ ಅತ್ತಿಗೆ. ಯಾರ ಮೇಲೆ ಅಂತ ಹುಡುಕ್ತಾ ಇದ್ದೀನಿ. ಲಿಫ್ಟಣ್ಣನ ಮೇಲಲ್ಲ."

ಈಗ ಅವನು ಒಂದು ಗ್ಯಾಸ್ ಏಜೆನ್ಸಿಯಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದಾನೆ. ವ್ಯಾನ್ ಚಾಲಕನೇ ಅಲ್ಲಿ ಇಲ್ಲಿ ಹೇಳಿ ಕೊಡಿಸಿದ ಕೆಲಸ. ಕೂತು ಮಾಡುವಂಥದ್ದು. ಕಿವಿಗೆ ಫೋನು ಸಿಕ್ಕಿಸಿಕೊಂಡು ದಿನವಿಡೀ ಸಿಲಿಂಡರು ಯಾವಾಗ ಬರುತ್ತದೆಂದು ಜನರಿಗೆ ಹೇಳಬೇಕು, ಬರೆಯುವುದೇನಿದ್ದರೂ ಎಡಗೈಯಲ್ಲಿ. ಆಸ್ಪತ್ರೆಯ ಕಾಲು ಇನ್ನೂ ಬಂದಿಲ್ಲ. ಪಕ್ಕದಲ್ಲಿ ಎರಡು ಊರುಗೋಲು. ಬಲಗೈಗೆ ಹಿಡಿತವಿಲ್ಲವೆಂದು ಒಂದರ ಹಿಡಿಗೆ ಬೆಲ್ಟು ಹೊಲಿಸಿದ್ದಾನೆ. ಮುಖ ಇಳಿದಿದೆ. ನಗು ಕಾಣುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಮುಷ್ಟಿ ಕಟ್ಟುತ್ತಾರೆ, ಎಚ್ಚರವಿದ್ದಾಗ ಆಗದ್ದು ಆಗ ಆಗುತ್ತದೆ ಎಂದು ಹೆಂಡತಿ ಹೇಳುತ್ತಾಳೆ.

ಹೋದ ವಾರ ಆ ಕಡೆ ಕೆಲಸವಿತ್ತು, ನೋಡಿ ಬರೋಣವೆಂದು ಹೋದೆ. ಫೋನಿನಲ್ಲಿದ್ದ, ಕೂರುವಂತೆ ಕಣ್ಣಿನಲ್ಲೇ ಹೇಳಿದ. ಆ ಕಡೆ ಯಾರೋ ಹೆಂಗಸು ಬಹಳ ಹೊತ್ತಿನಿಂದ ಏನೋ ಹೇಳಿಕೊಳ್ಳುತ್ತಿದ್ದರು. ಇವನು ಹೂಂ ಹೂಂ ಎನ್ನುತ್ತಾ ಕೇಳುತ್ತಿದ್ದ, ಅವಸರ ಮಾಡಲಿಲ್ಲ.

"ಗೊತ್ತಾಯ್ತಮ್ಮ. ಗ್ಯಾಸ್ ಯಜಮಾನರ ಹೆಸರಲ್ಲಿತ್ತು, ಅವರು ಹೋಗಿಬಿಟ್ರು. ನೀವು ಹೆದರಬೇಡಿ. ಮರಣದ ಕಾಗದ ತಗೊಂಡು ಇಲ್ಲಿಗೆ ಬನ್ನಿ. ಅವರ ಹೆಸರು ತೆಗೆದು ನಿಮ್ಮ ಹೆಸರು ಹಾಕ್ತೀವಿ... ಇಲ್ಲಮ್ಮ, ಗುಟ್ಟು ಗಿಟ್ಟು ಏನೂ ಬೇಡ. ನೀವು ಬಂದ್ರೆ ಸಾಕು. ನಾನೇ ಇರ್ತೀನಿ."

ಫೋನು ಇಟ್ಟು ನನ್ನ ಕಡೆ ನೋಡಿದ. ಅಷ್ಟರಲ್ಲಿ ಮತ್ತೆ ಫೋನು ಬಡಿದುಕೊಂಡಿತು. ಅವನು ಎಡಗೈ ಚಾಚಿ ಎತ್ತಿಕೊಂಡ.